ಬೇವಿನ ಕಡ್ಡಿಯಿಂದ ದಂತ ಕಾಲೇಜಿನವರೆಗೆ: ನಮ್ಮ ಕಡೆಯ ಹಲ್ಲಿನ ಖರ್ಚಿನ ಕಥೆ

ಗೋಕಾಕದ ಕಡೆಯಿಂದ ಯಾರಾದರೂ ಬೀಗರು ಬಂದರೆ ಕೈಯಲ್ಲಿ ಕರದಂಟಿನ ಡಬ್ಬಿ ಇರುತ್ತದೆ. ಕರಿದ ಅಂಟು, ಬೆಲ್ಲ, ಕೊಬ್ಬರಿ, ಉತ್ತತ್ತಿ ಸೇರಿಸಿ ಮಾಡಿದ ಈ ಸಿಹಿ ತಿನ್ನಲು ಹಲ್ಲು ಗಟ್ಟಿ ಇರಬೇಕು. ಕುಲಗೋಡದ ನಮ್ಮ ಮನೆಯಲ್ಲಿ ಡಬ್ಬಿ ತೆರೆದರೆ ಮೂರು ತಲೆಮಾರಿನ ಹಲ್ಲಿನ ಲೆಕ್ಕ ಒಮ್ಮೆಲೇ ಸಿಗುತ್ತದೆ. ಆಯಿ ಒಂದು ಚೂರನ್ನು ಬಾಯಲ್ಲಿಟ್ಟುಕೊಂಡು ಅದು ಕರಗುವವರೆಗೆ ಕೂತಿರುತ್ತಾಳೆ. ಅವಳ ಬಾಯಲ್ಲಿ ಒಂದೂ ಹಲ್ಲಿಲ್ಲ. ಅಪ್ಪ ಎಡಗಡೆಯಿಂದ ಮಾತ್ರ ಅಗಿಯುತ್ತಾನೆ. ಎಂಟು ವರ್ಷದ ನನ್ನ ಮಗಳು ಕಳೆದ ದೀಪಾವಳಿಯಲ್ಲಿ ಒಂದು ತುಂಡು ಕಚ್ಚಿದವಳೇ "ಯವ್ವಾ" ಎಂದು ಕೆನ್ನೆ ಹಿಡಿದುಕೊಂಡಳು.

ಬಾಯಿ ತೆರೆಸಿ ಮೊಬೈಲಿನ ಬ್ಯಾಟರಿ ಬಿಟ್ಟು ನೋಡಿದೆ. ಕೆಳಗಿನ ದವಡೆ ಹಲ್ಲಿನ ನಡುವೆ ಕಪ್ಪು ಕುಳಿ.

"ಹಾಲಹಲ್ಲ ಅದು, ತಾನ ಬೀಳತೈತಿ. ಸುಮ್ಮ ರೊಕ್ಕ ಯಾಕ ಹಾಳ ಮಾಡ್ತಿ ತಮ್ಮಾ?" ಎಂದ ಅಪ್ಪ.

"ಭಾಳ ಬ್ಯಾನಿ ಆತಂದ್ರ ಕಿತ್ತಿಸಿ ಒಗದ್ರಾತು," ಅಂದಳು ಆಯಿ.

ಇಬ್ಬರೂ ಜಿಪುಣರಲ್ಲ. ಎತ್ತಿನ ಕಾಲು ನೋಯ್ದರೆ ಅದೇ ದಿನ ಡಾಕ್ಟರನ್ನು ಕರೆಸುವ ಮನೆ ನಮ್ಮದು. ಆದರೆ ಹಲ್ಲಿಗೆ ಖರ್ಚು ಮಾಡುವುದು ನಮ್ಮ ರೂಢಿಯಲ್ಲೇ ಇಲ್ಲ. ಈ ರೂಢಿ ಎಲ್ಲಿಂದ ಬಂತು, ಇದರಿಂದ ನಿಜವಾಗಿಯೂ ರೊಕ್ಕ ಉಳಿಯಿತೇ ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಹುಳುಕು ಎಂಬ ಮಾತು

ಹಲ್ಲುನೋವು ಹೊಸ ರೋಗವಲ್ಲ. ಈಗ ಪಾಕಿಸ್ತಾನದ ಬಲೂಚಿಸ್ತಾನದಲ್ಲಿರುವ ಮೆಹರ್‌ಗಢದಲ್ಲಿ ಉತ್ಖನನ ಮಾಡಿದವರಿಗೆ ತೂತು ಕೊರೆದ 11 ದವಡೆ ಹಲ್ಲುಗಳು ಸಿಕ್ಕಿವೆ. ಅವು 7,500ರಿಂದ 9,000 ವರ್ಷದಷ್ಟು ಹಳೆಯವು. ಕಲ್ಲಿನ ಮೊನೆಯಿಂದ, ಬದುಕಿದ್ದವರ ಬಾಯಲ್ಲೇ ಕೊರೆದವು. ಬೇಸಾಯ ಶುರುವಾದ ಕಾಲದಲ್ಲೇ ಹಲ್ಲಿನ ಕೆಲಸವೂ ಶುರುವಾಗಿತ್ತು ಎಂದಾಯಿತು.

ನಾವು 'ಹುಳುಕು ಹಲ್ಲು' ಎನ್ನುತ್ತೇವೆ. ಹಲ್ಲಿನೊಳಗೆ ಹುಳ ಹೊಕ್ಕು ತಿನ್ನುತ್ತದೆ ಎಂಬ ನಂಬಿಕೆ ಆ ಮಾತಿನಲ್ಲೇ ಇದೆ. ಇದು ನಮ್ಮ ಒಬ್ಬರ ನಂಬಿಕೆಯಲ್ಲ, ಪ್ರಾಚೀನ ಬ್ಯಾಬಿಲೋನಿನವರೂ ಹಾಗೇ ನಂಬಿದ್ದರು. ಹಲ್ಲಿಗೆ ಹೊಗೆ ಹಾಕಿ ಹುಳ ಉದುರಿಸಿ ತೋರಿಸುವವರು ನಮ್ಮ ಜಾತ್ರೆಗಳಲ್ಲೂ ಇದ್ದರು ಎಂದು ಆಯಿ ಹೇಳುತ್ತಾಳೆ. 1728ರಲ್ಲಿ ಫ್ರಾನ್ಸಿನ ಪಿಯೆರ್ ಫೋಶಾರ್ ಎಂಬ ದಂತವೈದ್ಯ ತನ್ನ ಪುಸ್ತಕದಲ್ಲಿ ಈ ಹುಳದ ಮಾತನ್ನು ತಳ್ಳಿಹಾಕಿದ. 1890ರಲ್ಲಿ ಬರ್ಲಿನ್‌ನಲ್ಲಿದ್ದ ಡಬ್ಲ್ಯೂ.ಡಿ. ಮಿಲ್ಲರ್ ಎಂಬ ಅಮೆರಿಕದ ವಿಜ್ಞಾನಿ ನಿಜವಾದ ಕಾರಣ ಬರೆದ. ಬಾಯಲ್ಲಿರುವ ಕಣ್ಣಿಗೆ ಕಾಣದ ಜೀವಾಣುಗಳು ನಾವು ತಿಂದ ಸಿಹಿಯನ್ನೂ ಹಿಟ್ಟಿನ ಪದಾರ್ಥವನ್ನೂ ಹುಳಿ ಮಾಡುತ್ತವೆ. ಆ ಹುಳಿ ಹಲ್ಲಿನ ಮೇಲ್ಪದರವನ್ನು ನಿಧಾನಕ್ಕೆ ಕರಗಿಸುತ್ತದೆ.

ಅಂದರೆ ಹಲ್ಲು ಹಾಳಾಗುವುದು ಹಣೆಬರಹದಿಂದಲ್ಲ, ತಿನ್ನುವ ರೀತಿಯಿಂದ. ನಮ್ಮ ಕಡೆ ತಿನ್ನುವ ರೀತಿ ಬದಲಾಗಿ ಬಹಳ ದಿನವೇನೂ ಆಗಿಲ್ಲ.

ಕಾಲುವೆ ಬಂತು, ಕಬ್ಬು ಬಂತು, ಚಹಾ ಬಂತು

ಮುತ್ಯಾನ ಕಾಲದಲ್ಲಿ ಬೆಳಗ್ಗೆ ಎದ್ದು ಹೊಲಕ್ಕೆ ಹೋಗುವ ದಾರಿಯಲ್ಲೇ ಬೇವಿನ ಕಡ್ಡಿಯೋ ಜಾಲಿ ಕಡ್ಡಿಯೋ ಮುರಿದುಕೊಂಡು ಅಗಿಯುತ್ತಿದ್ದರು. ಹಲ್ಲುಜ್ಜಲು ಕಡ್ಡಿ ಬಳಸುವ ವಿಚಾರ ಚರಕ ಸಂಹಿತೆಯಲ್ಲೂ ಇದೆ. ತುದಿ ಅಗಿದು ಕುಂಚ ಮಾಡಿಕೊಂಡು, ಅವಸರವಿಲ್ಲದೆ ಉಜ್ಜಿದರೆ ಕಡ್ಡಿ ತನ್ನ ಕೆಲಸ ಮಾಡುತ್ತದೆ. ಖರ್ಚು ಸೊನ್ನೆ. ಊಟಕ್ಕೆ ಜೋಳದ ರೊಟ್ಟಿ, ಪಲ್ಲೆ, ಹಿಂಡಿ. ಹೋಳಿಗೆ ಹಬ್ಬಕ್ಕೆ ಮಾತ್ರ.

ಹಾಗೆಂದು ಹಿಂದಿನವರ ಹಲ್ಲೆಲ್ಲ ಮುತ್ತಿನಂತಿದ್ದವು ಎಂದು ಹೇಳಲಾರೆ. ಬೀಸುಕಲ್ಲಿನ ಕಣ ಬೆರೆತ ಹಿಟ್ಟು ಹಲ್ಲು ಸವೆಸುತ್ತಿತ್ತು, ವಸಡು ಸಡಿಲಾಗಿ ಹಲ್ಲು ಬೀಳುತ್ತಿದ್ದವು. ಆದರೆ ಎಂಟು ವರ್ಷದ ಕೂಸಿನ ದವಡೆಯಲ್ಲಿ ಕುಳಿ ಬೀಳುವುದು ಈಗಿನಷ್ಟು ಸಾಮಾನ್ಯವಾಗಿರಲಿಲ್ಲ.

19ನೇ ಶತಮಾನದ ಕೊನೆಗೆ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿ ಕಾಲುವೆ ತೆಗೆದರು. ಸ್ವಾತಂತ್ರ್ಯದ ನಂತರ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯ ಬಂತು. ಒಣ ಭೂಮಿಗೆ ನೀರು ಹರಿದು ಕಬ್ಬು ನಿಂತಿತು, ಸಕ್ಕರೆ ಕಾರ್ಖಾನೆಗಳು ಬಂದವು. ನಮ್ಮ ಮನೆಗಳು ಮಾಳಿಗೆಯಿಂದ ಆರ್‌ಸಿಸಿಗೆ ಬಂದದ್ದು ಈ ಕಬ್ಬಿನಿಂದಲೇ. ಅದನ್ನು ಬೈಯುವುದು ಉಂಡ ಮನೆಗೆ ಎರಡು ಬಗೆದಂತೆ. ಆದರೆ ಹೊಲದಲ್ಲಿ ಬೆಳೆದ ಸಿಹಿ ಅಡುಗೆಮನೆಗೂ ಬಂತು. ಇನ್ನೊಂದು ಕಡೆಯಿಂದ ಚಹಾ ಬಂತು. 1930ರ ದಶಕದಲ್ಲಿ ಚಹಾ ಮಂಡಳಿಯವರು ದೇಶದ ಊರೂರಿಗೆ ಹೋಗಿ ಪುಕ್ಕಟೆ ಚಹಾ ಕುಡಿಸಿ ರೂಢಿ ಹಚ್ಚಿದರು. ಈಗ ನಮ್ಮಲ್ಲಿ ಹೊಲಕ್ಕೆ ಬಂದ ಆಳಿಗೂ ಮನೆಗೆ ಬಂದ ಬೀಗರಿಗೂ ದಿನಕ್ಕೆ ನಾಲ್ಕೈದು ಸಲ ಸಕ್ಕರೆ ಚಹಾ.

'ಎಷ್ಟು ಸಲ' ಎಂಬುದೇ ಇಲ್ಲಿ ಮುಖ್ಯ. 1940ರ ದಶಕದಲ್ಲಿ ಸ್ವೀಡನ್ ದೇಶದ ವಿಪೆಹೋಮ್ ಎಂಬ ಆಸ್ಪತ್ರೆಯಲ್ಲಿ ಒಂದು ಪ್ರಯೋಗ ನಡೆಯಿತು. ಒಲ್ಲೆ ಎನ್ನುವ ಶಕ್ತಿಯೂ ಇಲ್ಲದ ಬುದ್ಧಿಮಾಂದ್ಯರಿಗೆ ಬೇರೆ ಬೇರೆ ರೀತಿಯಲ್ಲಿ ಸಿಹಿ ತಿನ್ನಿಸಿ ಹಲ್ಲು ಪರೀಕ್ಷಿಸಿದರು. ಇವತ್ತು ಅದನ್ನು ಅನ್ಯಾಯದ ಪ್ರಯೋಗ ಎಂದೇ ಎಲ್ಲರೂ ಹೇಳುತ್ತಾರೆ. ಆದರೆ ಸಿಕ್ಕ ಫಲಿತಾಂಶ ಸ್ಪಷ್ಟವಾಗಿತ್ತು: ಊಟದ ಜೊತೆ ತಿಂದ ಸಿಹಿ ಮಾಡಿದ ಹಾನಿ ಕಡಿಮೆ, ಊಟಗಳ ನಡುವೆ ಮತ್ತೆ ಮತ್ತೆ ತಿಂದ ಅಂಟಂಟು ಮಿಠಾಯಿ ಮಾಡಿದ ಹಾನಿ ಬಹಳ. ಆಮೇಲೆ ಆ ದೇಶದಲ್ಲಿ ಮಕ್ಕಳಿಗೆ ಸಿಹಿ ಶನಿವಾರ ಮಾತ್ರ ಎಂಬ ರೂಢಿ ಬೆಳೆಯಿತು. ನಮ್ಮ ಹಿರಿಯರು 'ಹೋಳಿಗೆ ಹಬ್ಬಕ್ಕೆ' ಎಂದು ಇಟ್ಟುಕೊಂಡಿದ್ದೂ ಇದನ್ನೇ. ಹಬ್ಬದ ಕರದಂಟು ನನ್ನ ಮಗಳ ಹಲ್ಲು ಕೆಡಿಸಲಿಲ್ಲ. ಸಾಲಿಯಿಂದ ಬರುವಾಗ ದಿನವೂ ಅಂಗಡಿಯಲ್ಲಿ ಕೊಳ್ಳುವ ಒಂದೆರಡು ರೂಪಾಯಿಯ ಚಾಕಲೇಟು ಕೆಡಿಸಿತು.

ಮಿಸರಿಯ ಲೆಕ್ಕ

ಆಯಿಯ ಹಲ್ಲು ಹೋದದ್ದು ಚಾಕಲೇಟಿನಿಂದಲ್ಲ, ಮಿಸರಿಯಿಂದ.

ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದರೆ ಮಿಸರಿ. ನಿಪ್ಪಾಣಿ ತಂಬಾಕಿನ ಪೇಟೆ, ಹೀಗಾಗಿ ನಮ್ಮ ಭಾಗದಲ್ಲಿ ತಂಬಾಕಿಗೆ ಬರವಿರಲಿಲ್ಲ. ಹಲ್ಲು ನೋಯ್ದ ಹೆಣ್ಣುಮಗಳಿಗೆ ಅತ್ತೆಯೋ ನೆರೆಮನೆಯಾಕೆಯೋ "ಒಂದೀಟು ಮಿಸರಿ ತಿಕ್ಕು" ಎನ್ನುತ್ತಿದ್ದಳು. ವಸಡು ಜುಮ್ಮೆಂದು ನೋವು ಮರೆಯುತ್ತಿತ್ತು. ಮರುದಿನ ಮತ್ತೆ ಬೇಕೆನಿಸುತ್ತಿತ್ತು. ಆಯಿ ಹದಿನಾರಕ್ಕೆ ತಿಕ್ಕಲು ಶುರು ಮಾಡಿದವಳು ಐವತ್ತರ ಹೊತ್ತಿಗೆ ಬಾಯಿ ಬರಿದು ಮಾಡಿಕೊಂಡಳು. ತಂಬಾಕು ವಸಡನ್ನು ಹಲ್ಲಿನಿಂದ ಬಿಡಿಸುತ್ತದೆ, ಬಾಯಿ ಕ್ಯಾನ್ಸರಿಗೂ ದಾರಿ ಮಾಡುತ್ತದೆ. ತಂಬಾಕು ಬೆರೆಸಿದ ಹಲ್ಲುಪುಡಿ, ಪೇಸ್ಟುಗಳನ್ನು ಕೇಂದ್ರ ಸರ್ಕಾರ 1992ರಲ್ಲಿ ನಿಷೇಧಿಸಿತು. ಆದರೆ ಮನೆಯ ಹಂಚಿನ ಮೇಲೆ ಹುರಿದದ್ದನ್ನು ಯಾವ ಕಾನೂನು ಹಿಡಿದೀತು?

ಅದೇ ಕಾಲಕ್ಕೆ ಹಲ್ಲುಪುಡಿಯ ಪೇಟೆಯೂ ಬೆಳೆಯುತ್ತಿತ್ತು. ಮೈಸೂರು ಸೀಮೆಯಲ್ಲಿ ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಕಟ್ಟಿದರು. ಭತ್ತದ ಹೊಟ್ಟು ಸುಟ್ಟು ಮಾಡಿದ ಅವರ ನಂಜನಗೂಡು ಹಲ್ಲುಪುಡಿ ನಾಡಿಗೆಲ್ಲ ಹೆಸರಾಯಿತು. ನಾವು ಮುಂಬೈ ಪ್ರಾಂತದಲ್ಲಿದ್ದವರು, ನಮ್ಮ ಅಂಗಡಿಗಳಿಗೆ ಮಹಾರಾಷ್ಟ್ರದ ಕರಿಪುಡಿ ಬರುತ್ತಿತ್ತು. ಅದಕ್ಕೂ ಕಾಸಿಲ್ಲದವರು ಬೂದಿ, ಇದ್ದಿಲು, ಇಟ್ಟಿಗೆ ಪುಡಿ ತಿಕ್ಕಿದರು. ಗರಗರ ಎನ್ನುವ ಪುಡಿ ಹಲ್ಲನ್ನು ಬೆಳ್ಳಗೆ ಮಾಡಿದಂತೆ ಕಾಣುತ್ತದೆ. ನಿಜದಲ್ಲಿ ಅದು ಮೇಲ್ಪದರವನ್ನೇ ಕೆರೆದು ತೆಗೆಯುತ್ತಿರುತ್ತದೆ. ಆ ಪದರ ಹೋದರೆ ಮತ್ತೆ ಬೆಳೆಯುವುದಿಲ್ಲ.

ಹೊಟ್ಟೆನೋವಿಗೆ ಮಿರಜ, ಹಲ್ಲುನೋವಿಗೆ ಜಾತ್ರೆ

ನಮ್ಮ ಭಾಗಕ್ಕೆ ಆಸ್ಪತ್ರೆಗಳು ತಡವಾಗಿ ಬರಲಿಲ್ಲ. ಮಿರಜದಲ್ಲಿ ಡಾ. ವಾನ್ಲೆಸ್ ಅವರ ಮಿಷನ್ ಆಸ್ಪತ್ರೆ 1890ರ ದಶಕದಿಂದ ಇದೆ. ಈಗಲೂ ದೊಡ್ಡ ರೋಗ ಬಂದರೆ "ಮಿರಜಕ್ಕ ಒಯ್ರಿ" ಎನ್ನುವವರಿದ್ದಾರೆ. ಘಟಪ್ರಭಾದ ಕರ್ನಾಟಕ ಆರೋಗ್ಯಧಾಮ 1929ರಲ್ಲಿ ಆರಂಭವಾಯಿತು. ಆದರೆ ಹಲ್ಲಿಗೆಂದು ಯಾರೂ ಮಿರಜದ ಗಾಡಿ ಹತ್ತಲಿಲ್ಲ.

ದೇಶದಲ್ಲೇ ಓದಿದ ದಂತವೈದ್ಯರು ಬೆರಳೆಣಿಕೆಯಷ್ಟಿದ್ದರು. ಡಾ. ರಫಿಉದ್ದೀನ್ ಅಹ್ಮದ್ ಕಲ್ಕತ್ತೆಯಲ್ಲಿ ಭಾರತದ ಮೊದಲ ದಂತ ಕಾಲೇಜು ತೆರೆದದ್ದು 1920ರಲ್ಲಿ. ಊರುಗಳಲ್ಲಿ ಹಲ್ಲಿನ ಕೆಲಸ ನೋಡುತ್ತಿದ್ದವರು ಕ್ಷೌರಿಕರು, ಸಂತೆಯಲ್ಲಿ ಚಾಪೆ ಹಾಸಿ ಇಕ್ಕಳ ಹಿಡಿದು ಕೂರುವವರು, ಜಾತ್ರೆಯಿಂದ ಜಾತ್ರೆಗೆ ತಿರುಗುವವರು. 1948ರಲ್ಲಿ ದಂತವೈದ್ಯರ ಕಾಯ್ದೆ ಬಂದಾಗ ಸರ್ಕಾರಕ್ಕೂ ಇದು ಗೊತ್ತಿತ್ತು. ಆದ್ದರಿಂದ ನೋಂದಣಿ ಪುಸ್ತಕದಲ್ಲಿ ಎರಡು ಭಾಗ ಮಾಡಿದರು: ಪದವಿ ಪಡೆದವರು 'ಎ' ಭಾಗಕ್ಕೆ, ಪದವಿ ಇಲ್ಲದೆ ಅನುಭವದಿಂದ ಕೆಲಸ ಮಾಡುತ್ತಿದ್ದವರು 'ಬಿ' ಭಾಗಕ್ಕೆ. ಅದು ಆ ಹೊತ್ತಿನ ವ್ಯವಸ್ಥೆ. ಸಂತೆಯ ಇಕ್ಕಳದವನು ಯಾವ ಭಾಗದಲ್ಲೂ ಇರಲಿಲ್ಲ, ಆದರೂ ಅವನ ಕೆಲಸ ನಿಲ್ಲಲಿಲ್ಲ.

ಅಪ್ಪನ ಮೇಲಿನ ಸಾಲಿನ ಮುಂದಿನ ಒಂದು ಹಲ್ಲು ಬಂಡಿ ಕಟ್ಟುವಾಗ ಪೆಟ್ಟು ಬಿದ್ದು ಹೋಗಿತ್ತು. ಒಂದು ಜಾತ್ರೆಯಲ್ಲಿ ಯಾರೋ ಒಬ್ಬ ಅರ್ಧ ತಾಸಿನಲ್ಲಿ 'ಫಿಕ್ಸ್ ಹಲ್ಲು' ಕೂರಿಸಿಕೊಟ್ಟ. ತಂತಿ ಕಟ್ಟಿ, ಅಕ್ಕಪಕ್ಕದ ಹಲ್ಲುಗಳಿಗೆ ಪ್ಲಾಸ್ಟಿಕ್ ಹಿಟ್ಟು ಮೆತ್ತಿ ಗಟ್ಟಿ ಮಾಡಿದ. ಡಾಕ್ಟರು ಹೇಳಿದ ದರದ ಕಾಲುಭಾಗಕ್ಕೆ ಕೆಲಸ ಮುಗಿಯಿತು ಎಂದು ಅಪ್ಪ ಹಿಗ್ಗಿದ. ಮೆತ್ತಿದ ಜಾಗದ ಒಳಗೆ ಕುಂಚ ಹೋಗುವುದಿಲ್ಲ, ಅನ್ನ ಹೋಗುತ್ತದೆ. ನಾಲ್ಕು ವರ್ಷದಲ್ಲಿ ಅಕ್ಕಪಕ್ಕದ ಎರಡು ಗಟ್ಟಿ ಹಲ್ಲುಗಳೂ ಕೊಳೆತು ಅಲುಗಾಡಿದವು. ಒಂದರ ಜೊತೆ ಇನ್ನೆರಡು ಹೋದವು. ಕುದಿಸದ ಇಕ್ಕಳದಿಂದ ರಕ್ತದ ರೋಗ ಅಂಟುವ ಅಪಾಯ ಬೇರೆ. ಅಪ್ಪನಿಗೆ ಅದು ತಗಲಲಿಲ್ಲ, ದೇವರ ದಯೆ.

ಕುಲಗೋಡ ತಮ್ಮಣ್ಣನ ಊರು ನಮ್ಮದು, ಶ್ರೀಕೃಷ್ಣ ಪಾರಿಜಾತಕ್ಕೆ ಹೆಸರಾದ ಊರು. ಅಪ್ಪ ಹಿಮ್ಮೇಳದಲ್ಲಿ ಹಾಡುತ್ತಿದ್ದ. ಸಾಲಿಯಲ್ಲಿ ವ್ಯಾಕರಣ ಓದಿದವರಿಗೆ ನೆನಪಿರಬಹುದು, ತ ಥ ದ ಧ ನ ಅಕ್ಷರಗಳಿಗೆ 'ದಂತ್ಯ' ಎನ್ನುತ್ತಾರೆ. ನಾಲಗೆ ಹಲ್ಲಿಗೆ ತಾಗಿದರೆ ಮಾತ್ರ ಅವು ಹುಟ್ಟುತ್ತವೆ. ಮುಂದಿನ ಹಲ್ಲು ಹೋದ ಮೇಲೆ ಅಪ್ಪನ ಹಾಡಿನಲ್ಲಿ ಆ ಅಕ್ಷರಗಳೆಲ್ಲ ಗಾಳಿಯಾದವು. "ಗಂಟಲ ಕೆಟ್ಟೈತಿ" ಎಂದು ಹೇಳಿ ಹಿಮ್ಮೇಳ ಬಿಟ್ಟ. ಗಂಟಲು ಚೆನ್ನಾಗಿಯೇ ಇತ್ತು.

ನಮ್ಮ ಮನೆಯ ಇತಿಹಾಸ ಇಷ್ಟೇ. ನಮ್ಮ ಹಿರಿಯರು ಹಲ್ಲಿಗೆ ರೊಕ್ಕ ಖರ್ಚು ಮಾಡಲಿಲ್ಲ, ಹಲ್ಲನ್ನೇ ಖರ್ಚು ಮಾಡಿದರು.

ನೋವು ತಡವಾಗಿ ಬರುತ್ತದೆ

ಹಲ್ಲಿನ ವಿಷಯದಲ್ಲಿ ನಾವು ಮೋಸ ಹೋಗುವುದು ಒಂದೇ ಜಾಗದಲ್ಲಿ: ನೋವಿಗಾಗಿ ಕಾಯುತ್ತೇವೆ. ಹಲ್ಲಿನ ಹೊರಪದರಕ್ಕೆ ನರವಿಲ್ಲ. ಅಲ್ಲಿ ಕುಳಿ ಬಿದ್ದರೂ ಗೊತ್ತಾಗುವುದಿಲ್ಲ. ಈ ಹಂತದಲ್ಲಿ ಹೋದರೆ ಸಿಮೆಂಟ್ ತುಂಬಿದರೆ ಮುಗಿಯಿತು, ಖರ್ಚು ನೂರುಗಳಲ್ಲಿ. ಕುಳಿ ಒಳಪದರಕ್ಕೆ ಇಳಿದಾಗ ತಣ್ಣಗಿನದು, ಸಿಹಿ ತಾಗಿದರೆ ಜುಂ ಎನ್ನುತ್ತದೆ. ಆಗಲೂ ಹೊತ್ತು ಮೀರಿರುವುದಿಲ್ಲ. ನಡುವಿನ ತಿರುಳಿಗೆ ಮುಟ್ಟಿದಾಗ ರಾತ್ರಿ ನಿದ್ದೆಗೆಡಿಸುವ ನೋವು ಬರುತ್ತದೆ. ಆಗ ರೂಟ್ ಕೆನಾಲ್, ಕ್ಯಾಪ್, ಖರ್ಚು ಸಾವಿರಗಳಲ್ಲಿ.

ನಾವು ಆಗಲೂ ಹೋಗುವುದಿಲ್ಲ. ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದು ನುಂಗುತ್ತೇವೆ. ಕೆಲವು ದಿನಕ್ಕೆ ನೋವು ತಾನೇ ನಿಲ್ಲುತ್ತದೆ. ವಾಸಿಯಾಯಿತು ಎಂದುಕೊಳ್ಳುತ್ತೇವೆ. ಅಲ್ಲಿ ವಾಸಿಯಾದದ್ದು ಏನೂ ಇಲ್ಲ, ಹಲ್ಲಿನ ನರ ಸತ್ತಿದೆ. ಕೀವು ಬೇರಿಗೆ ಇಳಿಯುತ್ತಿದೆ. ಮುಂದೊಂದು ದಿನ ಮುಖ ಬಾತುಕೊಂಡಾಗ ಕೀಳದೆ ಬೇರೆ ದಾರಿ ಇರುವುದಿಲ್ಲ. ಕಿತ್ತ ಜಾಗಕ್ಕೆ ಪಕ್ಕದ ಹಲ್ಲು ವಾಲುತ್ತದೆ, ಮೇಲಿನದು ಕೆಳಗೆ ಇಳಿಯುತ್ತದೆ, ಅಗಿಯುವುದು ಒಂದೇ ಕಡೆಗೆ ಬೀಳುತ್ತದೆ. ಕೀಳಿಸುವುದೇ ಅಗ್ಗ ಎನ್ನುವವರು ಆ ಒಂದು ದಿನದ ಖರ್ಚನ್ನಷ್ಟೇ ಲೆಕ್ಕ ಹಿಡಿದಿರುತ್ತಾರೆ.

ಬೆಳಗಾವಿಯ ಕುರ್ಚಿಗಳು

ಹಾಗಾದರೆ ನಮ್ಮಂಥವರು ಎಲ್ಲಿಗೆ ಹೋಗಬೇಕು? ಇದಕ್ಕೂ ಒಂದು ಇತಿಹಾಸವಿದೆ.

ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಆರಂಭವಾದದ್ದು 1958ರಲ್ಲಿ. ಮಣಿಪಾಲದ್ದು 1965ರಲ್ಲಿ. ನಮಗೆ ಎರಡೂ ದೂರ. 1985ರಲ್ಲಿ ಕೆಎಲ್ಇ ಸಂಸ್ಥೆ ಬೆಳಗಾವಿಯಲ್ಲಿ ದಂತ ಕಾಲೇಜು ತೆರೆಯಿತು. ಅದಕ್ಕೆ ಹುಕ್ಕೇರಿ ಭಾಗದ ನಾಯಕ ವಿಶ್ವನಾಥ ಕತ್ತಿಯವರ ಹೆಸರಿದೆ. ಮರುವರ್ಷ ಧಾರವಾಡದಲ್ಲಿ ಎಸ್‌ಡಿಎಂ ಕಾಲೇಜು ಬಂತು. ಬೆಳಗಾವಿಯಲ್ಲಿ ಮರಾಠಾ ಮಂಡಳದ ಇನ್ನೊಂದು ದಂತ ಕಾಲೇಜೂ ಇದೆ. ಮೂಡಲಗಿ, ಗೋಕಾಕ, ಹುಕ್ಕೇರಿಯಿಂದ ಬೆಳಗ್ಗೆ ಬಸ್ ಹತ್ತಿದರೆ ಸಂಜೆಗೆ ಮನೆ ಸೇರಬಹುದಾದ ದೂರ.

ಕಾಲೇಜಿನಲ್ಲಿ ಯಾಕೆ ಅಗ್ಗ? ಅದು ದಾನವಲ್ಲ, ಅವರಿಗೂ ನಮ್ಮ ಅಗತ್ಯವಿದೆ. ಬಿಡಿಎಸ್ ಓದುವವರು ಮೂರನೇ, ನಾಲ್ಕನೇ ವರ್ಷದಲ್ಲಿ ರೋಗಿಗಳ ಮೇಲೆ ಕೆಲಸ ಮಾಡಿಯೇ ಪಾಸಾಗಬೇಕು. ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಸಿಮೆಂಟ್ ತುಂಬಿಸಿಕೊಳ್ಳಲು, ಹಲ್ಲು ತೊಳೆಸಿಕೊಳ್ಳಲು ಜನ ಬರದಿದ್ದರೆ ಅವರ ಓದು ಸಾಗುವುದಿಲ್ಲ. ಹೀಗಾಗಿ ಶುಲ್ಕ ಕಡಿಮೆ ಇಡುತ್ತಾರೆ, ಕೆಲವು ಕೆಲಸ ಪುಕ್ಕಟೆ ಮಾಡುತ್ತಾರೆ. "ಕಲಿಯೋ ಹುಡುಗರ ಕೈಯಾಗ ಬಾಯಿ ಕೊಡೂದ?" ಎಂದು ಅಪ್ಪ ಕೇಳಿದ. ವಿದ್ಯಾರ್ಥಿ ಮಾಡಿದ್ದನ್ನು ಹಂತಹಂತಕ್ಕೆ ಪ್ರಾಧ್ಯಾಪಕರು ನೋಡುತ್ತಾರೆ. ನಾವು ಉಳಿಸಿದ ರೊಕ್ಕಕ್ಕೆ ಬದಲಾಗಿ ಸಮಯ ಕೊಡಬೇಕಾಗುತ್ತದೆ: ಅರ್ಧ ತಾಸಿನ ಕೆಲಸಕ್ಕೆ ಎರಡು ತಾಸು, ಒಂದು ಸಲದ್ದಕ್ಕೆ ಮೂರು ಸಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾದಾ ಬಸ್ ಪುಕ್ಕಟೆ ಆದ ಮೇಲೆ ಮೂರು ಸಲದ ಓಡಾಟ ಮೊದಲಿನಷ್ಟು ಭಾರವಲ್ಲ.

ಸರ್ಕಾರವೂ ತಡವಾಗಿ ಈ ಕಡೆ ನೋಡಿತು. ಬಡ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ದಂತಭಾಗ್ಯ 2014-15ರ ಹೊತ್ತಿಗೆ ಬಂತು. ಮೊದಲು 60 ದಾಟಿದವರಿಗೆ ಎಂದಿತ್ತು, ಆಮೇಲೆ ವಯಸ್ಸಿನ ಮಿತಿ ಇಳಿಸಿದರು. ಒಳ್ಳೆಯ ಕೆಲಸವೇ. ಆದರೆ ಹಲ್ಲೆಲ್ಲ ಹೋದ ಮೇಲೆ ಬರುವ ಭಾಗ್ಯ ಅದು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಇಲ್ಲಿ ತಿರುಗಿ ನಿಂತಿದೆ: ಹಲ್ಲಿದ್ದಾಗ ಯೋಜನೆ ಕಡಿಮೆ.

ಕಡಿಮೆ ಎಂದೆ, ಇಲ್ಲವೇ ಇಲ್ಲ ಎನ್ನಲಿಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಸಾಲಿಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅದರಲ್ಲಿ ಹಲ್ಲೂ ಸೇರಿದೆ. ಅವರು ಬರೆದುಕೊಟ್ಟ ಚೀಟಿಯನ್ನು ಮಗುವಿನ ಚೀಲದಿಂದ ತೆಗೆದು ಓದುವುದು ನಮ್ಮ ಕೆಲಸ. ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತವೈದ್ಯರ ಹುದ್ದೆಗಳಿವೆ. ಯಾವ ದಿನ ಇರುತ್ತಾರೆ, ದಂತಭಾಗ್ಯದ ಅರ್ಜಿಗೆ ಏನು ಬೇಕು ಎಂದು ಮೊದಲೇ ವಿಚಾರಿಸಿ ಹೋಗಿ. ಬಿಪಿಎಲ್ ಕಾರ್ಡು, ಆಧಾರ್ ಜೊತೆಗಿರಲಿ.

ಮನೆಯಲ್ಲಿ ಮಾಡುವುದಕ್ಕೆ ಇನ್ನೂ ಕಡಿಮೆ ಖರ್ಚು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಫ್ಲೋರೈಡ್ ಟೂತ್‌ಪೇಸ್ಟನ್ನು ಸೇರಿಸಿತು. ದುಬಾರಿ ಪೇಸ್ಟೇ ಬೇಕೆಂದಿಲ್ಲ. ಪೊಟ್ಟಣದ ಮೇಲೆ ಫ್ಲೋರೈಡ್ ಎಂದು ಬರೆದಿದೆಯೇ ನೋಡಿ. ಸಣ್ಣ ಮಕ್ಕಳಿಗೆ ಬಟಾಣಿ ಕಾಳಿನಷ್ಟು ಸಾಕು, ನುಂಗದಂತೆ ನೋಡಿಕೊಳ್ಳಿ. ರಾತ್ರಿ ಮಲಗುವ ಮುಂಚಿನ ಉಜ್ಜುವಿಕೆ ಬೆಳಗಿನದಕ್ಕಿಂತ ಮುಖ್ಯ. ಬೇವಿನ ಕಡ್ಡಿ ಬಿಡಬೇಕೆಂದಿಲ್ಲ, ಅದರ ಜೊತೆ ಇದೂ ಇರಲಿ.

ಆರನೇ ವರ್ಷದ ಹಲ್ಲು

ಮಗಳನ್ನು ಬೆಳಗಾವಿಯ ಒಂದು ದಂತ ಕಾಲೇಜಿಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ನೋಡಿ, "ಇದು ಹಾಲುಹಲ್ಲು ಅಲ್ಲ. ಇದು ಬಿದ್ದರೆ ಮತ್ತೆ ಬರುವುದಿಲ್ಲ" ಎಂದರು.

ನನಗೆ ಅದು ಗೊತ್ತೇ ಇರಲಿಲ್ಲ. ಮಕ್ಕಳಿಗೆ ಆರನೇ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಒಂದೊಂದು ದವಡೆ ಹಲ್ಲು ಹೊಸದಾಗಿ ಹುಟ್ಟುತ್ತದೆ. ಯಾವ ಹಲ್ಲೂ ಬಿದ್ದಿರುವುದಿಲ್ಲ, ಹೀಗಾಗಿ ಅದನ್ನೂ ಹಾಲುಹಲ್ಲು ಎಂದೇ ತಿಳಿಯುತ್ತೇವೆ. ಸಾಯುವವರೆಗೂ ಜೋಳದ ರೊಟ್ಟಿ ಅಗಿಯಬೇಕಾದ ಹಲ್ಲು ಅದು. ಅಪ್ಪನ ಮಾತು ಕೇಳಿದ್ದರೆ ಎಂಟನೇ ವಯಸ್ಸಿಗೇ ಅದನ್ನು ಕಳೆಯುತ್ತಿದ್ದೆ.

ಕುಳಿ ತಿರುಳಿಗೆ ಮುಟ್ಟಿರಲಿಲ್ಲ. ಕೆರೆದು ಸಿಮೆಂಟ್ ತುಂಬಿದರು. ಉಳಿದ ಮೂರು ಹೊಸ ದವಡೆ ಹಲ್ಲುಗಳ ಗೀರುಗಳಿಗೆ ಕುಳಿ ಬೀಳದಂತೆ ಲೇಪ ಹಚ್ಚಿದರು. ಎರಡು ಸಲ ಹೋಗಿಬಂದೆವು. ಎಲ್ಲ ಸೇರಿ ಆದ ಖರ್ಚು ದೀಪಾವಳಿಯ ಪಟಾಕಿಗಿಂತ ಕಡಿಮೆ.

ಎರಡನೇ ಸಲ ಅಪ್ಪನೂ ಬಂದ. ಕೂಸನ್ನು ನೋಡಿಕೊಳ್ಳಲು ಬಂದೆ ಎಂದ. ಮೊಮ್ಮಗಳು ಕುರ್ಚಿಯಿಂದ ಇಳಿದ ಮೇಲೆ ಟೊಪ್ಪಿಗೆ ತೆಗೆದು ತಾನೇ ಹೋಗಿ ಕೂತ. ಮುಂದಿನ ಮೂರು ಹಲ್ಲಿಗೆ ತೆಗೆದಿಡುವ ಸೆಟ್ ಆಗಿದೆ. ಮೊದಲ ವಾರ ಬಾಯಲ್ಲಿ ಕಲ್ಲಿಟ್ಟ ಹಾಗೆ ಎಂದು ಗೊಣಗಿದ. ಈಗ ಬೆಳಗ್ಗೆ ಎಮ್ಮೆ ಹಿಂಡುವಾಗ ಕೊಟ್ಟಿಗೆಯಿಂದ ಪಾರಿಜಾತದ ಹಾಡು ಕೇಳಿಸುತ್ತದೆ. ತ, ದ, ನ ಎಲ್ಲವೂ ಇವೆ.